ಕ್ರಿಸ್‌ಮಸ್‌ಗೆ 'ಫ್ರೆಂಡ್ಸ್' ಸೀರಿಯಲ್ ಊಟ: ಒಂದೇ ಓಟಿಜಿಯಲ್ಲಿ ಎಂಟು ಜನಕ್ಕೆ ಆಗುತ್ತಾ?

ಬೆಂದಕಾಳು_ಊರು:

ಡಿಸೆಂಬರ್ 25, ಮಧ್ಯಾಹ್ನ ಒಂದು ಗಂಟೆಗೆ ಎಂಟು ಜನ ಊಟಕ್ಕೆ. ನಾಲ್ಕು ಜನ ಕೋಳಿ ತಿಂತಾರೆ, ಉಳಿದ ನಾಲ್ಕು ಜನ ಪಕ್ಕಾ ಸಸ್ಯಾಹಾರಿ, ಅದರಲ್ಲಿ ಇಬ್ಬರು ಮೊಟ್ಟೆನೂ ಮುಟ್ಟಲ್ಲ. ಎಲ್ಲರೂ 'ಫ್ರೆಂಡ್ಸ್' ಅನ್ನೋ ಅಮೆರಿಕನ್ ಹಾಸ್ಯ ಸೀರಿಯಲ್‌ನ ಹುಚ್ಚರಾದ್ದರಿಂದ ಅದರ ಥ್ಯಾಂಕ್ಸ್‌ಗಿವಿಂಗ್ (ನವೆಂಬರ್‌ನ ಅಮೆರಿಕನ್ ಹಬ್ಬ) ಎಪಿಸೋಡ್‌ಗಳ ಅಡುಗೆನೇ ಮಾಡೋದು ಅಂತ ತೀರ್ಮಾನ.

ಅಂದುಕೊಂಡಿರೋದು: ಟರ್ಕಿ ಬದಲು ಇಡೀ ಕೋಳಿ ರೋಸ್ಟ್, ಮೊದಲ ಸೀಸನ್ನಿನಲ್ಲಿ (1994) ಮೋನಿಕಾ ಒಬ್ಬೊಬ್ಬರಿಗೆ ಒಂದೊಂದು ಥರ ಮಾಡೋ ಮೂರು ಬಗೆ ಆಲೂಗಡ್ಡೆ, ಚಾಂಡ್ಲರ್ ಪಾಲಿನ ಕ್ರ್ಯಾನ್‌ಬೆರಿ ಸಾಸ್, ರೇಚಲ್‌ಳ ಟ್ರೈಫಲ್ (ಬಿಸ್ಕತ್ತು, ಕಸ್ಟರ್ಡ್, ಹಣ್ಣು, ಕ್ರೀಮ್ ಪದರ ಪದರವಾಗಿ ಜೋಡಿಸೋ ಸಿಹಿ), ಮಾರನೇ ದಿನಕ್ಕೆ ರಾಸ್‌ನ ಸ್ಯಾಂಡ್‌ವಿಚ್.

ಇರೋದು 28 ಲೀಟರ್ ಓಟಿಜಿ (ಟೇಬಲ್ ಮೇಲಿಡೋ ಕರೆಂಟ್ ಓವನ್), ಎರಡು ಒಲೆಯ ಗ್ಯಾಸ್, ಒಂದು ಇಂಡಕ್ಷನ್. ಫ್ರಿಜ್ ಸಾಧಾರಣ ಸೈಜು. ಇಷ್ಟರಲ್ಲಿ ಯಾವುದನ್ನ ಮೊದಲು, ಯಾವುದನ್ನ ಕೊನೆಗೆ? ಟ್ರೈಫಲ್‌ನಲ್ಲಿ ರೇಚಲ್ ತಪ್ಪಿ ಮಾಂಸ ಹಾಕೋ ಆ ತಮಾಷೆ ಉಳಿಸಿಕೊಂಡು ಎಲ್ಲರೂ ತಿನ್ನೋ ಹಾಗೆ ಮಾಡೋಕೆ ದಾರಿ ಇದೆಯಾ?

ಉಪ್ಪುಗಾರ:

ಟರ್ಕಿ ಬಿಟ್ಟಿದ್ದು ಒಳ್ಳೇದಾಯ್ತು. ಎಂಟನೇ ಸೀಸನ್ನಿನಲ್ಲಿ ಜೋಯಿ ಒಬ್ಬನೇ ಮುಗಿಸೋ ಟರ್ಕಿ 19 ಪೌಂಡು, ಅಂದ್ರೆ ಎಂಟೂವರೆ ಕೆ.ಜಿ.ಗೂ ಮೇಲೆ. ನಿಮ್ಮ ಓಟಿಜಿಯ ಬಾಗಿಲೇ ಹಾಕೋಕಾಗಲ್ಲ. ನಾಲ್ಕು ಜನಕ್ಕೆ ಒಂದೂವರೆ ಕೆ.ಜಿ. ಕೋಳಿ ಸಾಕು, ಮಾರನೇ ದಿನದ ಸ್ಯಾಂಡ್‌ವಿಚ್‌ಗೂ ಸ್ವಲ್ಪ ಉಳಿಯುತ್ತೆ.

ನಮ್ಮ ಕೋಳಿ ಅಂಗಡಿಗಳಲ್ಲಿ ಕೇಳದಿದ್ರೆ ಚರ್ಮ ಸುಲಿದು ತುಂಡು ಮಾಡಿಯೇ ಕೊಡೋದು. ಹಿಂದಿನ ದಿನವೇ ಹೇಳಿಡಿ: ಸ್ಕಿನ್ ಜೊತೆ, ಪುಕ್ಕ ಮಾತ್ರ ತೆಗೆದು, ಇಡಿಯಾಗಿ, ಕತ್ತು ಬೇರೆ ಕವರಿನಲ್ಲಿ. ಕ್ಲೀನ್ ಆದ ಮೇಲಿನ ತೂಕ ಒಂದೂವರೆ ಕೆ.ಜಿ. ಇರಬೇಕು. ಚರ್ಮ ಇಲ್ಲದ ಕೋಳಿಯನ್ನ ಮುಕ್ಕಾಲು ಗಂಟೆಗಿಂತ ಹೆಚ್ಚು ಓಟಿಜಿಯಲ್ಲಿ ಇಟ್ರೆ ಎದೆ ಭಾಗ ಹತ್ತಿ ಥರ ಆಗುತ್ತೆ, ಎಷ್ಟು ಬೆಣ್ಣೆ ಸವರಿದ್ರೂ ಅಷ್ಟೇ.

24ರ ರಾತ್ರಿ: ತೂಕದ ನೂರಕ್ಕೆ ಒಂದರಷ್ಟು ಉಪ್ಪು, ಅಂದ್ರೆ 15 ಗ್ರಾಂ, ಮಟ್ಟಸವಾಗಿ ಎರಡೂವರೆ ಟೀ ಚಮಚ. ಒಳಗೂ ಹೊರಗೂ ಉಜ್ಜಿ, ಮುಚ್ಚದೇ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಇಡಿ. ಉಪ್ಪು ಒಳಗಿಳಿಯುತ್ತೆ, ಚರ್ಮ ಒಣಗುತ್ತೆ. ಚರ್ಮ ಒಣಗದಿದ್ರೆ ಗರಿ ಆಗೋ ಮಾತೇ ಇಲ್ಲ. ಬೆಳಗ್ಗೆ 50 ಗ್ರಾಂ ಬೆಣ್ಣೆಗೆ ಆರು ಎಸಳು ಬೆಳ್ಳುಳ್ಳಿ, ಒಂದು ಟೀ ಚಮಚ ಕಾಳುಮೆಣಸಿನ ಪುಡಿ, ಸಣ್ಣಗೆ ಹೆಚ್ಚಿದ ದೊಡ್ಡಪತ್ರೆ ಐದಾರು ಎಲೆ ಕಲಸಿ, ಎದೆಯ ಚರ್ಮದ ಕೆಳಗೆ ಬೆರಳು ತೂರಿಸಿ ಸವರಿ. ಥೈಮ್ ಹುಡುಕಿಕೊಂಡು ಹೋಗೋದೇನೂ ಬೇಡ, ಕುಂಡದ ದೊಡ್ಡಪತ್ರೆಯ ಘಾಟು ಹೆಚ್ಚು ಕಡಿಮೆ ಅದೇ ಜಾತಿ. ಬೆಣ್ಣೆಗೆ ಮತ್ತೆ ಉಪ್ಪು ಹಾಕಬೇಡಿ.

ಸಸ್ಯಾಹಾರಿಗಳಿಗೆ ಇಡೀ ಹೂಕೋಸು ರೋಸ್ಟ್ ಮಾಡಿ, ಡಿಸೆಂಬರ್‌ನಲ್ಲಿ ಒಳ್ಳೇದು ಸಿಗುತ್ತೆ. ಓಟಿಜಿಗೆ ಅದೇ ಮೊದಲು ಹೋಗಬೇಕು, ಕೋಳಿ ಆಮೇಲೆ. 900 ಗ್ರಾಂ ಹೂಕೋಸನ್ನ ಉಪ್ಪು ಅರಿಶಿನದ ಕುದಿಯೋ ನೀರಲ್ಲಿ ತಲೆಕೆಳಗಾಗಿ ಐದು ನಿಮಿಷ ಇಟ್ಟು ತೆಗೆದು, 20 ನಿಮಿಷ ಬೋರಲು ಹಾಕಿ ನೀರು ಬಸಿಯಿರಿ. ನೀರು ಉಳಿದ್ರೆ ಬೇಯುತ್ತೆ, ಕೆಂಪಗಾಗಲ್ಲ.

25ರ ಲೆಕ್ಕ: 10 ಗಂಟೆಗೆ ಓಟಿಜಿ ಆನ್, 200 ಡಿಗ್ರಿ. 10:15ರಿಂದ 10:55 ಹೂಕೋಸು. 11ಕ್ಕೆ ಕೋಳಿ, ಕೆಳಗಿನ ರ‍್ಯಾಕ್, ಎರಡೂ ರಾಡ್ ಆನ್. ಟ್ರೇನಲ್ಲಿ ದಪ್ಪ ಈರುಳ್ಳಿ ಬಿಲ್ಲೆ ಹಾಸಿ ಅದರ ಮೇಲೆ ಕೋಳಿ, ಒಂದು ಲೋಟ ನೀರು. ನೀರಿಲ್ಲದಿದ್ರೆ ಇಳಿದ ರಸ ಸೀದು ಗ್ರೇವಿ ಕಹಿಯಾಗುತ್ತೆ. 20 ನಿಮಿಷ 200ರಲ್ಲಿ, ಆಮೇಲೆ 180ಕ್ಕೆ ಇಳಿಸಿ ಇನ್ನೊಂದು ಗಂಟೆ. ಮೇಲಿನ ರಾಡ್ ಹತ್ತಿರ ಇರೋದ್ರಿಂದ ಎದೆ ಬೇಗ ಕಪ್ಪಾದ್ರೆ ಫಾಯಿಲ್ ತುಂಡು ಹೊದಿಸಿ. ತೊಡೆಯ ಸಂದಿಯಲ್ಲಿ, ಮೂಳೆಗೆ ತಾಗದ ಹಾಗೆ ಥರ್ಮಾಮೀಟರ್ ಚುಚ್ಚಿದ್ರೆ 74 ಡಿಗ್ರಿ ತೋರಿಸಬೇಕು. ಗಡಿಯಾರಕ್ಕಿಂತ ಅದನ್ನೇ ನಂಬಿ, ಓಟಿಜಿಯ ನಾಬ್ ಹೇಳೋ ಡಿಗ್ರಿಗೂ ಒಳಗಿನ ಬಿಸಿಗೂ ವ್ಯತ್ಯಾಸ ಇದ್ದೇ ಇರುತ್ತೆ. ಮೂಳೆ ಪಕ್ಕ ಕೆಂಪು ಕಂಡ್ರೆ ಗಾಬರಿ ಬೇಡ. ಎಳೇ ಕೋಳಿಯ ಮಜ್ಜೆಯ ಬಣ್ಣ ಅದು.

12:20ಕ್ಕೆ ಹೊರಗೆ ತೆಗೆದು 25 ನಿಮಿಷ ಮುಟ್ಟಬೇಡಿ. ಆ ಹೊತ್ತಲ್ಲಿ ಗ್ರೇವಿ: ಟ್ರೇನ ಜಿಡ್ಡು ಮೂರು ಟೇಬಲ್ ಚಮಚ, ಮೈದಾ ಮೂರು, ಹುರಿದ ಕಡಲೆಬೀಜದ ಬಣ್ಣ ಬರೋವರೆಗೆ ಬಾಡಿಸಿ, ಕತ್ತು ಬೇಯಿಸಿದ ನೀರು ಅರ್ಧ ಲೀಟರ್ ಸ್ವಲ್ಪ ಸ್ವಲ್ಪವಾಗಿ. ರುಚಿ ನೋಡದೆ ಉಪ್ಪು ಹಾಕಬೇಡಿ. ಸಸ್ಯಾಹಾರಿ ಗ್ರೇವಿಗೆ 200 ಗ್ರಾಂ ಅಣಬೆಯನ್ನ ನೀರೆಲ್ಲ ಇಂಗಿ ಕಂದು ಬಣ್ಣ ಬರೋವರೆಗೆ ಬೆಣ್ಣೆಯಲ್ಲಿ ಹುರಿದು, ಮೈದಾ, ನೀರು, ಒಂದು ಟೇಬಲ್ ಚಮಚ ಸೋಯಾ ಸಾಸ್. ಅಣಬೆ ಬೆಳ್ಳಗಿರುವಾಗಲೇ ನೀರು ಹಾಕಿದ್ರೆ ಪಾಯಸದ ಬಣ್ಣದ ಗ್ರೇವಿ ಸಿಗುತ್ತೆ.

ಹಿತಕಿದಬೇಳೆ:

ಟ್ರೈಫಲ್ ವಿಷಯಕ್ಕೆ ಬರ್ತೀನಿ. ಆರನೇ ಸೀಸನ್ನಿನಲ್ಲಿ (1999) ರೇಚಲ್ ಪುಸ್ತಕದ ಎರಡು ಹಾಳೆ ಅಂಟಿಕೊಂಡು, ಅರ್ಧ ಇಂಗ್ಲಿಷ್ ಟ್ರೈಫಲ್, ಅರ್ಧ ಶೆಫರ್ಡ್ಸ್ ಪೈ (ಮಾಂಸದ ಮೇಲೆ ಆಲೂಗಡ್ಡೆ ಮ್ಯಾಶ್ ಹಾಕೋ ಇಂಗ್ಲಿಷ್ ಅಡುಗೆ) ಆಗಿರುತ್ತೆ. ಮಾಂಸ, ಬಟಾಣಿ, ಈರುಳ್ಳಿ ಪದರ ಬಂದಿದ್ದು ಆ ಪೈ ಹಾಳೆಯಿಂದ. ಹಾಗಾಗಿ ಎರಡನ್ನೂ ಒಂದೇ ಬಟ್ಟಲಲ್ಲಿ ಕಲಸಿ ಎಲ್ಲರ ಬಾಯಿ ಕೆಡಿಸೋ ಬದಲು ಹಾಳೆ ಬಿಡಿಸಿಬಿಡಿ: ಒಂದೇ ಥರದ ಎರಡು ಗಾಜಿನ ಬಟ್ಟಲು, ನೋಡೋಕೆ ಎರಡೂ ಟ್ರೈಫಲ್. ಒಂದು ಸಿಹಿ, ಇನ್ನೊಂದು ಖಾರ. ಯಾವುದು ಯಾವುದು ಅಂತ ಚಮಚ ಇಳಿಸಿದ ಮೇಲೇ ಗೊತ್ತಾಗಬೇಕು.

ಖಾರದ್ದು. 100 ಗ್ರಾಂ ಸೋಯಾ ಗ್ರ್ಯಾನ್ಯೂಲ್ಸ್ ಉಪ್ಪಿನ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ, ತಣ್ಣೀರಲ್ಲಿ ತೊಳೆದು ಮತ್ತೆ ಹಿಂಡಿ. ಆ ಹಸಿ ವಾಸನೆ ಹೋಗೋದು ಎರಡನೇ ಹಿಂಡಿಗೇ. ಎರಡು ಈರುಳ್ಳಿ, ಒಂದು ಕ್ಯಾರೆಟ್ ಬಾಡಿಸಿ, ಸೋಯಾ ಹಾಕಿ ತಳ ಹತ್ತುವಷ್ಟು ಹುರಿದು, ಎರಡು ಟೊಮೇಟೊ ರುಬ್ಬಿ ಹಾಕಿ, ಕಾಳುಮೆಣಸು. ಬಟಾಣಿ ಜಾಗಕ್ಕೆ 150 ಗ್ರಾಂ ಹಿತಕಿದ ಅವರೆ, ಸೊಗಡಿನ ಕಾಲ ಬೇರೆ. ಅವರೆಬೇಳೆಯನ್ನ ತೆರೆದ ಪಾತ್ರೆಯಲ್ಲಿ ಉಪ್ಪು ನೀರಲ್ಲಿ ಏಳೆಂಟು ನಿಮಿಷ ಬೇಯಿಸಿ, ಕುಕ್ಕರ್‌ಗೆ ಹಾಕಿದ್ರೆ ಕರಗಿಹೋಗುತ್ತೆ. ಇಂಗ್ಲಿಷ್ ಅಡುಗೆಯಲ್ಲಿ ಇದಕ್ಕೆ ವೂಸ್ಟರ್‌ಶೈರ್ ಸಾಸ್ ಹಾಕ್ತಾರೆ. ಅದರ ಮೂಲ ಪಾಕದಲ್ಲೇ ಮೀನು ಇದೆ, ಸಸ್ಯಾಹಾರಿಗಳಿಗೆ ನಡೆಯಲ್ಲ. ಸೋಯಾ ಸಾಸ್ ಒಂದು ಚಮಚ, ಹುಣಸೆ ರಸ ಅರ್ಧ ಚಮಚ ಸಾಕು.

ಕಸ್ಟರ್ಡ್ ವೇಷಕ್ಕೆ ವೈಟ್ ಸಾಸ್: ಬೆಣ್ಣೆ ಮೂರು ಟೇಬಲ್ ಚಮಚ, ಮೈದಾ ಮೂರು, ಹಾಲು 400 ಮಿ.ಲೀ., ತುರಿದ ಚೀಸ್ 50 ಗ್ರಾಂ, ಒಂದೇ ಒಂದು ಚಿಟಿಕೆ ಅರಿಶಿನ. ಎರಡು ಚಿಟಿಕೆ ಆದ್ರೆ ಬಣ್ಣ ಚೆನ್ನಾಗಿ ಬರುತ್ತೆ, ಬಾಯಿಗೆ ಹಸಿ ಅರಿಶಿನ. ಬಿಸ್ಕತ್ತಿನ ಜಾಗಕ್ಕೆ ಬೆರಳುದ್ದ ಕತ್ತರಿಸಿ ಗರಿಯಾಗಿ ಕಾಯಿಸಿದ ಬ್ರೆಡ್. ಪದರ: ಬ್ರೆಡ್, ಸೋಯಾ, ಸಾಸ್, ಮತ್ತೆ ಬ್ರೆಡ್, ಸೋಯಾ, ಸಾಸ್. ಮೇಲೆ ಕ್ರೀಮ್ ವೇಷದಲ್ಲಿ ಅರ್ಧ ಕೆ.ಜಿ. ಆಲೂಗಡ್ಡೆ ಮ್ಯಾಶ್, ನಕ್ಷತ್ರದ ನಾಜಲ್‌ನಲ್ಲಿ ಹಿಂಡಿ ಚೆರಿ ಟೊಮೇಟೊ ಇಡಿ. ಬಟ್ಟಲಿಗೆ ಮೊದಲು ಉಗುರುಬೆಚ್ಚಗಿನ ನೀರು, ಆಮೇಲೆ ಇನ್ನೊಂದಿಷ್ಟು ಬಿಸಿ ನೀರು ಹಾಕಿ ಚೆಲ್ಲಿ ಒರೆಸಿ. ತಣ್ಣಗಿನ ಮಾಮೂಲಿ ಗಾಜಿಗೆ ಒಲೆಯಿಂದ ಇಳಿಸಿದ ಸಾಸ್ ಸುರಿದ್ರೆ ಟಪ್ ಅಂತ ಸೀಳುತ್ತೆ. ಅದನ್ನ ಓಟಿಜಿಗಂತೂ ಇಡಲೇಬೇಡಿ.

ಸಿಹಿಯದು 24ರ ಸಂಜೆಯೇ. 750 ಮಿ.ಲೀ. ಹಾಲಿಗೆ ಕಸ್ಟರ್ಡ್ ಪುಡಿ ಮಟ್ಟಸ ನಾಲ್ಕೂವರೆ ಟೇಬಲ್ ಚಮಚ, ಸಕ್ಕರೆ ಆರು. ಫ್ರೂಟ್ ಸಲಾಡ್‌ಗೆ ಹಾಕೋ ಅಳತೆ ಇಲ್ಲಿ ಸಾಲಲ್ಲ, ಪದರ ನಿಲ್ಲಲ್ಲ. ಗಟ್ಟಿಯಾದ ಮೇಲೂ ಎರಡು ನಿಮಿಷ ಕುದಿಸಿ, ಇಲ್ಲಾಂದ್ರೆ ಹಿಟ್ಟಿನ ರುಚಿ. ಕೆನೆ ಕಟ್ಟದ ಹಾಗೆ ಪ್ಲಾಸ್ಟಿಕ್ ಹಾಳೆಯನ್ನ ಕಸ್ಟರ್ಡ್‌ಗೇ ತಾಗಿಸಿ ಮುಚ್ಚಿ. ಪೂರ್ತಿ ಗಟ್ಟಿಯಾಗಿ ಕೂತ ಮೇಲೆ ಕದಡಿದ್ರೆ ತೆಳ್ಳಗಾಗುತ್ತೆ, ಮತ್ತೆ ಗಟ್ಟಿಯಾಗಲ್ಲ. ಆದ್ದರಿಂದ ಬೆಚ್ಚಗಿರುವಾಗಲೇ ಬಟ್ಟಲಿಗೆ ಹಾಕಿಬಿಡಿ.

ಸೀರಿಯಲ್‌ನ ಕ್ರಮ ಲೇಡಿ ಫಿಂಗರ್ (ಬೆರಳಿನಾಕಾರದ ಸ್ಪಂಜ್ ಬಿಸ್ಕತ್ತು), ಜಾಮ್, ಕಸ್ಟರ್ಡ್, ರಾಸ್‌ಬೆರಿ, ಮತ್ತೆ ಲೇಡಿ ಫಿಂಗರ್, (ಮಾಂಸ), ಕಸ್ಟರ್ಡ್, ಬಾಳೆಹಣ್ಣು, ಕ್ರೀಮ್. ರಾಸ್‌ಬೆರಿ ಬದಲು ಸ್ಟ್ರಾಬೆರಿ 200 ಗ್ರಾಂ. ಬಾಳೆಹಣ್ಣು, ಕ್ರೀಮ್ ಎರಡೂ ಬಡಿಸೋ ದಿನ ಬೆಳಗ್ಗೆ. ಹಣ್ಣಿಗೆ ನಾಲ್ಕು ಹನಿ ನಿಂಬೆರಸ. ಕ್ರೀಮ್ ಮಾತ್ರ ನೋಡಿ ತಗೊಳ್ಳಿ: ಅಂಗಡಿಯ ಟೆಟ್ರಾ ಪ್ಯಾಕಿನ 25% ಕೊಬ್ಬಿನ ಕ್ರೀಮ್ ಎಷ್ಟು ಬೀಟ್ ಮಾಡಿದ್ರೂ ನಿಲ್ಲಲ್ಲ. ಬೇಕಿಂಗ್ ಸಾಮಾನಿನ ಅಂಗಡಿಯಲ್ಲಿ ವಿಪ್ಪಿಂಗ್ ಕ್ರೀಮ್ ಅಂತಲೇ ಕೇಳಿ, 200 ಮಿ.ಲೀ. ಸಾಕು. ಫ್ರೋಜನ್ ಆದ್ರೆ ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಿ. ಡೈರಿ ಅಲ್ಲದ್ದರಲ್ಲಿ ಸಕ್ಕರೆ ಮೊದಲೇ ಇರುತ್ತೆ.

ಕಟ್ಟೆಮೇಲೆ_ಕಾಫಿ:

ಲೇಡಿ ಫಿಂಗರ್ ಬೇಕು ಅಂತ ಆನ್‌ಲೈನ್‌ನಲ್ಲಿ ಹಾಕಿದ್ರೆ ಅರ್ಧ ಕೆ.ಜಿ. ಬೆಂಡೆಕಾಯಿ ಬರುತ್ತೆ, ಜೋಪಾನ 😄 ಕೇಕ್ ರಸ್ಕ್ 250 ಗ್ರಾಂ ತಗೊಳ್ಳಿ. ಅದರಲ್ಲಿ ಮೊಟ್ಟೆ ಇರೋದೇ ಹೆಚ್ಚು, ಅಯ್ಯಂಗಾರ್ ಬೇಕರಿಯಲ್ಲಿ ಮೊಟ್ಟೆ ಇಲ್ಲದ್ದಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ಕಿತ್ತಳೆ ರಸದಲ್ಲಿ ಎರಡು ಸೆಕೆಂಡ್ ಅದ್ದಿ ತೆಗೀರಿ, ಕಾಫಿಗೆ ಅದ್ದಿದ ಹಾಗೆ ಹಿಡಿದುಕೊಂಡು ಕೂತ್ರೆ ಗಂಜಿ.

ಇನ್ನೊಂದು ಯಾರೂ ಹೇಳ್ಲಿಲ್ಲ. 1600 ವ್ಯಾಟ್ ಓಟಿಜಿ ಸುಮಾರು 7 ಆಂಪ್ಸ್ ಎಳೆಯುತ್ತೆ, 2000 ವ್ಯಾಟ್ ಇಂಡಕ್ಷನ್ ಹತ್ತಿರ ಹತ್ತಿರ 9. ಅಡುಗೆಮನೆಯ ದೊಡ್ಡ ಸಾಕೆಟ್‌ಗಳೆಲ್ಲ ಒಂದೇ 16 ಆಂಪ್ಸ್ ಎಂಸಿಬಿ (ಹೊರೆ ಹೆಚ್ಚಾದ್ರೆ ಕರೆಂಟ್ ಕಡಿಯೋ ಸ್ವಿಚ್) ಮೇಲಿದ್ರೆ ಅಲ್ಲಿಗೆ ತುಂಬಿತು, ಮಿಕ್ಸಿ ಹಾಕಿದ ಕೂಡಲೇ ಟ್ರಿಪ್ ಆಗಬಹುದು. ಕೋಳಿ ಬೇಯುವಾಗ ಇಂಡಕ್ಷನ್ ಬೇರೆ ರೂಮಿನ ಲೈನಿಗೆ ಹಾಕಿ, ಅಥವಾ ಗ್ಯಾಸ್‌ನಲ್ಲೇ ಮುಗಿಸಿ. ಚಿಕ್ಕ 6 ಆಂಪ್ಸ್ ಸಾಕೆಟ್‌ಗೆ ಓಟಿಜಿ ಬೇಡವೇ ಬೇಡ. ಕರೆಂಟ್ ಹೋದ್ರೆ ಬಾಗಿಲು ತೆಗೀಬೇಡಿ, ಕಾಲು ಗಂಟೆ ಒಳಗಿನ ಬಿಸಿಯೇ ಎಳೆಯುತ್ತೆ.

ಬೆಂದಕಾಳು_ಊರು:

ಎರಡು ಬಟ್ಟಲಿನ ಐಡಿಯಾ ಪಕ್ಕಾ ಆಯ್ತು, ಥ್ಯಾಂಕ್ಸ್ ಹಿತಕಿದಬೇಳೆಯವರೇ. ಮ್ಯಾಶ್ ಯಾಕೆ ಕೆಲವು ಸಲ ಗೋಂದಿನ ಥರ ಆಗುತ್ತೆ? ಮೂರು ಬಗೆ ಆಲೂಗಡ್ಡೆಗೆ ಮೂರು ಸಲ ಬೇಯಿಸಬೇಕಾ? ಕ್ರ್ಯಾನ್‌ಬೆರಿ ಒಣಗಿದ್ದು ಮಾತ್ರ ಸಿಕ್ಕಿದೆ.

ಒಗ್ಗರಣೆ_ಡಬ್ಬಿ:

ಗೋಂದಾಗೋದು ಮಿಕ್ಸಿಯಿಂದ. ಬ್ಲೇಡು ಬೆಂದ ಆಲೂಗಡ್ಡೆಯ ಕಣ ಒಡೆದು ಪಿಷ್ಟ ಹೊರಗೆ ಬಿಡುತ್ತೆ, ಅದೇ ಅಂಟು. ಹೊಸ ಆಲೂಗಡ್ಡೆ, ಅಂದ್ರೆ ಉಗುರಲ್ಲಿ ಕೆರೆದ್ರೆ ಸಿಪ್ಪೆ ಸುಲಿದು ಬರೋದು, ಇನ್ನೂ ಬೇಗ ಅಂಟಾಗುತ್ತೆ. ಸಿಪ್ಪೆ ದಪ್ಪ ಇರೋ ಹಳೇದು ಆರಿಸಿ. ವಿದೇಶದಲ್ಲಿ ಇದಕ್ಕೆ ರೈಸರ್ ಅಂತ ಒಂದು ಉಪಕರಣ ಇದೆ, ನಮ್ಮ ಶಾವಿಗೆ ಒರಳೇ ಅದು. ಒತ್ತುಶಾವಿಗೆಯ ಬಿಲ್ಲೆ ಹಾಕಿ, ಬಿಸಿ ಆಲೂಗಡ್ಡೆ ಸುಲಿದು ಒಂದೇ ಸಲ ಒತ್ತಿ. ಒಂದು ಗಂಟೂ ಇರಲ್ಲ. ತಣ್ಣಗಾದ್ರೆ ತೋಳು ನೋವು ಬರುತ್ತೆ, ಮ್ಯಾಶೂ ಅಂಟುತ್ತೆ.

ಒಂದೇ ಸಲ ಒಂದೂವರೆ ಕೆ.ಜಿ. ಬೇಯಿಸಿ. ನೀರಲ್ಲಿ ಮುಳುಗಿಸಬೇಡಿ, ಅನ್ನ ಇಟ್ಟ ಹಾಗೆ ಕುಕ್ಕರ್ ಡಬ್ಬಿಯಲ್ಲಿ ನೀರಿಲ್ಲದೆ ನಾಲ್ಕು ವಿಷಲ್. ಮೂರು ಪಾಲು ಮಾಡಿ. ಒಂದು ಪಾಲು ಫೋರ್ಕ್‌ನಲ್ಲಿ ಒರಟಾಗಿ ಜಜ್ಜಿ ಬೆಣ್ಣೆ ಹಾಕಿದ್ರೆ ರಾಸ್‌ನ ಗಂಟುಗಂಟು ಮ್ಯಾಶ್. ಇನ್ನೊಂದು ಪಾಲು ಒರಳಲ್ಲಿ ಒತ್ತಿ ಬಟಾಣಿ, ಬಾಡಿಸಿದ ಈರುಳ್ಳಿ ಕಲಸಿದ್ರೆ ಫೀಬಿಯದು. ಮೂರನೇದು ಏನೂ ಬೆರೆಸದೆ ಖಾರದ ಟ್ರೈಫಲ್‌ನ ಮೇಲಕ್ಕೆ. ಒಂದು ಬಟಾಣಿ ಬಿದ್ರೂ ನಾಜಲ್ ಕಟ್ಟಿಕೊಳ್ಳುತ್ತೆ. ಅರ್ಧ ಕೆ.ಜಿ.ಗೆ 50 ಗ್ರಾಂ ಬೆಣ್ಣೆ ಮೊದಲು, ಆಮೇಲೆ 80ರಿಂದ 100 ಮಿ.ಲೀ. ಬಿಸಿ ಹಾಲು. ಜೋಯಿಯ ಟಾಟ್ಸ್ (ತುರಿದ ಆಲೂಗಡ್ಡೆಯ ಗರಿಗರಿ ಉಂಡೆ) ಫ್ರೋಜನ್ ಪ್ಯಾಕೆಟ್ ತಂದು, ಕರಗಿಸದೇ ಎಣ್ಣೆಗೆ ಹಾಕಿ. ಕೋಳಿ ತೆಗೆದ ಓಟಿಜಿಗೆ ಇಡಬೇಡಿ, ಸಸ್ಯಾಹಾರಿಗಳೂ ತಿನ್ನೋದು ಅದನ್ನೇ ಹೆಚ್ಚು.

ಒಣ ಕ್ರ್ಯಾನ್‌ಬೆರಿಗೆ ಸಕ್ಕರೆ ಹಾಕಿಯೇ ಇರ್ತಾರೆ, ಬೇರೆ ಬೇಡ. 150 ಗ್ರಾಂಗೆ 200 ಮಿ.ಲೀ. ನೀರು, ಒಂದು ಕಿತ್ತಳೆಯ ರಸ, ಸಿಪ್ಪೆ ಸಮೇತ ತುರಿದ ಅರ್ಧ ಸೇಬು. ಸೇಬಿನ ಪೆಕ್ಟಿನ್ ಇಲ್ಲದಿದ್ರೆ ಅದು ದ್ರಾಕ್ಷಿ ನೆನೆಸಿದ ನೀರಿನ ಹಾಗೇ ಉಳಿಯುತ್ತೆ. ಸಣ್ಣ ಉರಿ, 15 ನಿಮಿಷ, ಇಳಿಸಿ ನಿಂಬೆರಸ ಒಂದು ಟೀ ಚಮಚ. ಬಿಸಿಯಲ್ಲಿ ಸ್ವಲ್ಪ ನೀರಾಗಿದೆ ಅನಿಸುವಾಗಲೇ ಇಳಿಸಿ, ಆರಿದ್ರೆ ಜಾಮ್ ಆಗುತ್ತೆ. ಎರಡು ದಿನ ಮುಂಚೆ ಮಾಡಿಟ್ರೂ ನಡೆಯುತ್ತೆ.

ಉಪ್ಪುಗಾರ:

ಟಾಟ್ಸ್ ಮಾತು ಸರಿ. ಮ್ಯಾಶ್ ವಿಷಯದಲ್ಲಿ ಒಂದು ತಕರಾರು: ಬೆಳಗ್ಗೆಯೇ ಮಾಡಿ ಫ್ರಿಜ್‌ಗೆ ಇಟ್ಟು ಬಿಸಿ ಮಾಡಬೇಡಿ, ಗಟ್ಟಿಯಾಗಿ ಮರಳು ಮರಳಾಗುತ್ತೆ. 12 ಗಂಟೆಗೆ ಒತ್ತಿ, ಕುದಿಯೋ ನೀರಿನ ಪಾತ್ರೆಯ ಮೇಲೆ ಮುಚ್ಚಿಡಿ.

ಸ್ಯಾಂಡ್‌ವಿಚ್ ಉಳಿದಿತ್ತು. ಐದನೇ ಸೀಸನ್ನಿನ (1998) ಆ ಸ್ಯಾಂಡ್‌ವಿಚ್‌ನಲ್ಲಿ ಮೂರು ಬ್ರೆಡ್ ಸ್ಲೈಸ್, ನಡುವಿನದು ಗ್ರೇವಿಯಲ್ಲಿ ನೆನೆದದ್ದು. ಕಟ್ ಮಾಡಿಸದ ಬ್ರೆಡ್ ತಂದು ಒಂದೂವರೆ ಸೆಂ.ಮೀ. ದಪ್ಪ ಕತ್ತರಿಸಿ, ಅಂಗಡಿಯ ತೆಳು ಸ್ಲೈಸ್ ಗ್ರೇವಿಗೆ ತಾಗಿದ ತಕ್ಷಣ ಹರಿಯುತ್ತೆ. ಮೂರನ್ನೂ ಕಾಯಿಸಿ, ಹೊರಗಿನ ಎರಡರ ಒಳಮೈಗೆ ಅಂಚಿನವರೆಗೆ ಬೆಣ್ಣೆ, ಅದೇ ತೇವಕ್ಕೆ ತಡೆ. ನಡುವಿನದನ್ನ ಬಿಸಿ ಗ್ರೇವಿಯಲ್ಲಿ ಒಂದೊಂದು ಮಗ್ಗುಲು ಐದೈದು ಸೆಕೆಂಡ್. ಕೋಳಿ ಗ್ರೇವಿ ಫ್ರಿಜ್‌ನಲ್ಲಿ ಜೆಲ್ಲಿಯಾಗಿರುತ್ತೆ, ಕೆಟ್ಟಿದೆ ಅಂತ ಚೆಲ್ಲಬೇಡಿ, ಕುದಿ ಬರಿಸಿ. ಕೆಳಗೆ ಕೋಳಿ, ಮೇಲೆ ಕ್ರ್ಯಾನ್‌ಬೆರಿ. ಸಸ್ಯಾಹಾರಿಗಳಿಗೆ ಹೂಕೋಸಿನ ಬಿಲ್ಲೆ, ಅಣಬೆ ಗ್ರೇವಿ. ಎರಡು ಗ್ರೇವಿ ಡಬ್ಬಿ ಮೇಲೂ ಹೆಸರು ಬರೆದಿಡಿ, ಬೆಳಗ್ಗೆ ನೋಡಿದ್ರೆ ಎರಡೂ ಒಂದೇ ಬಣ್ಣ.

ಓಟಿಜಿಯಿಂದ ತೆಗೆದ ಎರಡು ಗಂಟೆಯೊಳಗೆ ಉಳಿದ ಕೋಳಿಯನ್ನ ಮೂಳೆಯಿಂದ ಬಿಡಿಸಿ ಫ್ರಿಜ್‌ಗೆ ಹಾಕಿ. ಡಿಸೆಂಬರ್ ಚಳಿ ಅಂತ ಕಟ್ಟೆ ಮೇಲೆ ಬಿಡಬೇಡಿ, ಬೆಂಗಳೂರಿನ ಚಳಿ ಅಷ್ಟಕ್ಕೆಲ್ಲ ಸಾಲಲ್ಲ.

ಬೆಂದಕಾಳು_ಊರು:

ಸರಿ. ಶಾವಿಗೆ ಒರಳು ಅಟ್ಟದ ಮೇಲಿದೆ, ಇಳಿಸ್ತೀನಿ. ಒತ್ತುಶಾವಿಗೆ ಬಿಲ್ಲೆ ಕಾಣ್ತಿಲ್ಲ, ಖಾರಾಸೇವೆದು ಮಾತ್ರ ಇದೆ. ನಡೆಯುತ್ತಾ?

ಒಗ್ಗರಣೆ_ಡಬ್ಬಿ:

ನಡೆಯುತ್ತೆ. ತೂತು ದೊಡ್ಡದಿದ್ರೆ ಎರಡು ಸಲ ಒತ್ತಿ, ಅಷ್ಟೇ. ಚಕ್ಕುಲಿದು ಮಾತ್ರ ಬೇಡ.