ಕಾಲೇಜು ಆಟಗಾರನ ಮೇಲೆ ದೂರು ಬಂದ ದಿನವೇ ಯಾರನ್ನು ನಂಬಬೇಕು?

ಕ್ಯಾರಿಯ ಅಮ್ಮ

ನಾವು ನಾರ್ತ್ ಕ್ಯಾರೊಲೈನಾದ ಕ್ಯಾರಿಯಲ್ಲಿದ್ದೇವೆ, ಊರು ಶಿವಮೊಗ್ಗ. ಮಗ ಕಾಲೇಜು ಎರಡನೇ ವರ್ಷ. ಹೋದ ವಾರ ಅವನ ಕಾಲೇಜಿನ ಒಬ್ಬ ಆಟಗಾರನ ಮೇಲೆ ಹುಡುಗಿಯೊಬ್ಬಳು ದೂರು ಕೊಟ್ಟಿದ್ದಾಳೆ. ಕಾಲೇಜಿನ ಹೆಸರು ಬೇಡ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎರಡೇ ಗಂಟೆಯಲ್ಲಿ ಎರಡು ಪಂಗಡ ಆಯಿತು. ಒಬ್ಬರು "ಈ ಆಟಗಾರರೆಲ್ಲ ಹೀಗೇ, ಹೇಳೋರು ಕೇಳೋರು ಇಲ್ಲ" ಅಂದರು. ಇನ್ನೊಬ್ಬರು "ರಾತ್ರಿ ಹನ್ನೊಂದಕ್ಕೆ ಅವಳಿಗೆ ಅಲ್ಲೇನು ಕೆಲಸ" ಅಂದರು. ಆಮೇಲೆ ಯಾರೋ ಆ ಹುಡುಗಿಯ ಫೋಟೋನೇ ಹಾಕಿಬಿಟ್ಟರು, ನನಗೆ ಕೈ ನಡುಗಿತು.

ಹಳಬರೊಬ್ಬರು "ಡ್ಯೂಕ್ ಕೇಸು ಮರೆತಿರಾ" ಅಂತ ಬರೆದರು. ನಾವು ಇಲ್ಲಿಗೆ ಬಂದಿದ್ದು 2015ರಲ್ಲಿ, ನಮಗೆ ಅದು ಗೊತ್ತಿಲ್ಲ. ಏನಾಗಿತ್ತು? ಮಗ "ಅಮ್ಮ, ನೀನು ಯಾರನ್ನು ನಂಬುತ್ತೀಯಾ" ಅಂತ ಕೇಳಿದ. ಉತ್ತರ ಹೊಳೆಯಲಿಲ್ಲ.

ಹಳೇ ಡರ್ಹಮ್‌ನವನು

ಅಮ್ಮಾ, ನಾನು 2003ರಿಂದ ಡ್ಯೂಕ್ ಇರುವ ಡರ್ಹಮ್ ಊರಿನಲ್ಲೇ ಇದ್ದೇನೆ, ಅದನ್ನು ಕಣ್ಣಾರೆ ನೋಡಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

2006ರ ಮಾರ್ಚ್. ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ಟೀಮಿನ ಹುಡುಗರು (ತುದಿಗೆ ಬಲೆ ಕಟ್ಟಿದ ಕೋಲಿನಿಂದ ಚೆಂಡು ಎಸೆದು ಆಡುವ ಆಟ ಅದು) ಒಂದು ಮನೆಯಲ್ಲಿ ಪಾರ್ಟಿ ಮಾಡಿ, ದುಡ್ಡು ಕೊಟ್ಟು ಇಬ್ಬರು ಡಾನ್ಸರ್‌ಗಳನ್ನು ಕರೆಸಿದ್ದರು. ಅವರಲ್ಲಿ ಒಬ್ಬಾಕೆ ಅದೇ ಊರಿನ ಇನ್ನೊಂದು ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಕಪ್ಪು ಜನಾಂಗದವಳು. ಮೂವರು ತನ್ನ ಮೇಲೆ ಅತ್ಯಾಚಾರ ಮಾಡಿದರು ಅಂತ ದೂರಿದಳು. ಟೀಮಿನಲ್ಲಿ 47 ಜನ, ಒಬ್ಬನನ್ನು ಬಿಟ್ಟು ಎಲ್ಲ ಬಿಳಿಯರು. ಆ 46 ಜನರ ಡಿಎನ್‌ಎ ತೆಗೆದುಕೊಂಡರು.

ಊರು ಹೊತ್ತಿ ಉರಿಯಿತು. ಜನ ಆ ಮನೆಯ ಮುಂದೆ ನಿಂತು ಪಾತ್ರೆ ಬಡಿದರು. ಹುಡುಗರ ಫೋಟೋ ಇರುವ ಪೋಸ್ಟರ್‌ಗಳು ಕ್ಯಾಂಪಸ್ಸಿನಲ್ಲಿ ಹರಿದಾಡಿದವು. ಏಪ್ರಿಲ್ ಮೊದಲ ವಾರಕ್ಕೆ ಕೋಚ್ ಕೆಲಸ ಬಿಡಬೇಕಾಯಿತು, ಆ ವರ್ಷದ ಆಟಗಳೇ ರದ್ದಾದವು. ವಿದ್ಯಾರ್ಥಿ ಪತ್ರಿಕೆಯಲ್ಲಿ 88 ಪ್ರಾಧ್ಯಾಪಕರ ಹೆಸರಿನಲ್ಲಿ, ಪ್ರತಿಭಟಿಸಿದವರಿಗೆ ಥ್ಯಾಂಕ್ಸ್ ಹೇಳುವ ಜಾಹೀರಾತು ಬಂತು. ಆಗಿನ್ನೂ ಯಾರ ಮೇಲೂ ದೋಷಾರೋಪ ಹೊರಿಸಿರಲಿಲ್ಲ, ಅದನ್ನು ನೆನಪಿಡಿ.

ಜಿಲ್ಲಾ ಪ್ರಾಸಿಕ್ಯೂಟರ್ (ಸರ್ಕಾರದ ಪರ ಕೇಸು ನಡೆಸುವ ವಕೀಲ, ಇಲ್ಲಿ ಜನರೇ ವೋಟು ಹಾಕಿ ಆರಿಸುತ್ತಾರೆ) ಮೈಕ್ ನಿಫಾಂಗ್‌ಗೆ ಮೇ ತಿಂಗಳಲ್ಲಿ ಪಕ್ಷದೊಳಗಿನ ಚುನಾವಣೆ ಇತ್ತು. ಆತ ಟಿವಿಯವರ ಮುಂದೆ ನಿಂತು ಹುಡುಗರನ್ನು ಬೈದಿದ್ದೇ ಬೈದಿದ್ದು. ಗುರುತು ಹಿಡಿಯಲು ಆಕೆಗೆ ತೋರಿಸಿದ ಫೋಟೋಗಳಲ್ಲಿ ಟೀಮಿನವರು ಮಾತ್ರ ಇದ್ದರು, ಹೊರಗಿನವರು ಒಬ್ಬರೂ ಇಲ್ಲ. ಅಂದರೆ ಯಾರನ್ನು ತೋರಿಸಿದರೂ ಆರೋಪಿ ಸಿಕ್ಕಂತೆಯೇ ಅಲ್ವಾ? ಹಾಗೆ ಸಿಕ್ಕ ಮೂವರಲ್ಲಿ ಒಬ್ಬ ಆ ಹೊತ್ತಿಗೆ ಎಟಿಎಂನಲ್ಲಿ ದುಡ್ಡು ತೆಗೆಯುತ್ತಿದ್ದ, ಕ್ಯಾಮೆರಾದಲ್ಲೇ ಸಿಕ್ಕಿದೆ. ಡಿಎನ್‌ಎ ಯಾವ ಆಟಗಾರನದ್ದಕ್ಕೂ ತಾಳೆಯಾಗಲಿಲ್ಲ. ಬೇರೆ ಗಂಡಸರ ಡಿಎನ್‌ಎ ಸಿಕ್ಕಿತ್ತು, ಆ ವಿಷಯ ಲ್ಯಾಬಿನ ವರದಿಯಲ್ಲಿ ಇರಲೇ ಇಲ್ಲ. ಡಿಫೆನ್ಸ್ ವಕೀಲರೊಬ್ಬರು ಲ್ಯಾಬಿನ ಸಾವಿರಕ್ಕೂ ಹೆಚ್ಚು ಪುಟ ಕೂತು ಓದಿ ಕಂಡುಹಿಡಿದರು. ಡಿಸೆಂಬರ್‌ನಲ್ಲಿ ಲ್ಯಾಬಿನ ಮುಖ್ಯಸ್ಥ, ನಿಫಾಂಗ್ ಜೊತೆ ಮಾತಾಡಿಕೊಂಡೇ ಅದನ್ನು ಬಿಟ್ಟಿದ್ದು ಅಂತ ಕೋರ್ಟಿನಲ್ಲಿ ಒಪ್ಪಿಕೊಂಡ.

2007ರ ಏಪ್ರಿಲ್ 11ಕ್ಕೆ ರಾಜ್ಯದ ಅಟಾರ್ನಿ ಜನರಲ್ ರಾಯ್ ಕೂಪರ್ ಕೇಸು ಕೈಬಿಟ್ಟರು. "ಸಾಕ್ಷಿ ಸಾಲದು" ಅನ್ನಲಿಲ್ಲ, ಮೂವರೂ ನಿರಪರಾಧಿಗಳು ಅಂತಲೇ ಹೇಳಿದರು. ನಿಫಾಂಗ್ ವಕೀಲಿಕೆಯ ಲೈಸೆನ್ಸ್ ಕಳೆದುಕೊಂಡ, ಒಂದು ದಿನ ಜೈಲಿನಲ್ಲೂ ಇದ್ದ. ಆ ಹೆಂಗಸು ತಾನು ಸುಳ್ಳು ಹೇಳಿದ್ದೆ ಅಂತ ಒಪ್ಪಿಕೊಂಡಿದ್ದು 2024ರ ಡಿಸೆಂಬರ್‌ನಲ್ಲಿ, 18 ವರ್ಷದ ಮೇಲೆ.

ಹಾಗಂತ ಆ ಪಾರ್ಟಿ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಜನಾಂಗದ ಹೆಸರಿನಲ್ಲಿ ಕೀಳಾಗಿ ಕೂಗಿದ್ದನ್ನು ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರು. ಊರಿನ ಕಪ್ಪು ಜನರ ಸಿಟ್ಟಿಗೆ ಹಳೆಯ ಕಾರಣಗಳಿದ್ದವು. ಆದರೆ ಕೆಟ್ಟ ನಡತೆಯನ್ನೇ ಅತ್ಯಾಚಾರಕ್ಕೆ ಸಾಕ್ಷಿ ಅಂತ ನಾವು ಹಿಡಿದೆವು. ನಾನೂ ಹಿಡಿದೆ. "ಇಂಥವರು ಮಾಡಿಯೇ ಇರುತ್ತಾರೆ" ಅಂತ ಆಫೀಸಿನಲ್ಲಿ ಎಷ್ಟು ಸಲ ಹೇಳಿದ್ದೆನೋ. ಇವತ್ತಿಗೂ ಅದು ನೆನಪಾದರೆ ಮುಜುಗರವಾಗುತ್ತದೆ.

ಮೈಸೂರು ಮಲ್ಲಿಗೆ_ಬೇಏರಿಯಾ

ಮೇಲಿನ ಅಣ್ಣ ಬರೆದಿದ್ದೆಲ್ಲ ನಿಜ. ಆದರೆ ಯಾವ ಹುಡುಗಿ ಬಾಯಿ ತೆರೆದರೂ "ಡ್ಯೂಕ್, ಡ್ಯೂಕ್" ಅಂತ ಅವಳ ಬಾಯಿ ಮುಚ್ಚಿಸುತ್ತಾರಲ್ಲ, ಅದು ನನಗೆ ತುಂಬಾ ನೋವು ಕೊಡುತ್ತದೆ. ನಮ್ಮ ಮನೆಯಿಂದ ಹತ್ತು ಮೈಲಿ ದೂರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಥೆಯನ್ನೂ ಕೇಳಿ.

2015ರ ಜನವರಿ. ಪ್ರಜ್ಞೆ ಇಲ್ಲದ ಹುಡುಗಿಯ ಮೇಲೆ ಅಲ್ಲಿನ ಒಬ್ಬ ಈಜುಗಾರ ಲೈಂಗಿಕ ದೌರ್ಜನ್ಯ ಮಾಡುತ್ತಿದ್ದಾಗ, ಸೈಕಲ್‌ನಲ್ಲಿ ಹೋಗುತ್ತಿದ್ದ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು ನೋಡಿ, ಓಡುತ್ತಿದ್ದವನನ್ನು ಹಿಡಿದು ಪೊಲೀಸರು ಬರುವವರೆಗೂ ಕೂರಿಸಿಕೊಂಡರು. ಇಷ್ಟು ಗಟ್ಟಿ ಸಾಕ್ಷಿ. ಆದರೂ ಸುದ್ದಿಯಲ್ಲಿ ಅವನ ಈಜಿನ ವೇಗ ಬರೆದರು, ಕೋಟು ಟೈ ಹಾಕಿ ನಗುವ ಫೋಟೋ ಹಾಕಿದರು! 2016ರಲ್ಲಿ ಜ್ಯೂರಿ ಮೂರು ಅಪರಾಧಗಳಲ್ಲಿ ತಪ್ಪಿತಸ್ಥ ಎಂದಿತು. ಪ್ರಾಸಿಕ್ಯೂಟರ್ ಕೇಳಿದ್ದು ಆರು ವರ್ಷ. ಜಡ್ಜ್ ಆರನ್ ಪರ್ಸ್ಕಿ ಕೊಟ್ಟಿದ್ದು ಆರು ತಿಂಗಳು. ಅವನು ಮೂರೇ ತಿಂಗಳಿಗೆ ಹೊರಗೆ ಬಂದ. ಇಪ್ಪತ್ತು ನಿಮಿಷದ ಕೆಲಸಕ್ಕೆ ಇದು ಜಾಸ್ತಿ ಅಂತ ಅವರಪ್ಪ ಜಡ್ಜ್‌ಗೆ ಪತ್ರ ಬರೆದಿದ್ದರು.

ಆ ಹುಡುಗಿ ಕೋರ್ಟಿನಲ್ಲಿ ಓದಿದ ಮಾತು ಲಕ್ಷಾಂತರ ಜನಕ್ಕೆ ತಲುಪಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಕಾನೂನು ಬದಲಾಯಿಸಿತು, 2018ರ ಜೂನ್‌ನಲ್ಲಿ ಜನ ವೋಟು ಹಾಕಿ ಆ ಜಡ್ಜನ್ನು ಕೆಳಗಿಳಿಸಿದರು. ಆ ಸಿಟ್ಟು ತಪ್ಪೇ? ನನಗೆ ಹಾಗೆ ಅನ್ನಿಸುವುದಿಲ್ಲ, ಅದು ತೀರ್ಪು ಬಂದ ಮೇಲೆ ಬಂದ ಸಿಟ್ಟು. ಡ್ಯೂಕ್‌ನಲ್ಲಿ "ಶ್ರೀಮಂತ ಹುಡುಗರು" ಅಂತ ನೋಡಿದರು, ಸ್ಟ್ಯಾನ್‌ಫರ್ಡ್‌ನಲ್ಲಿ "ಒಳ್ಳೆ ಮನೆಯ ಈಜುಗಾರ" ಅಂತ ನೋಡಿದರು. ಆ ರಾತ್ರಿ ಏನಾಯಿತು ಅಂತ ನೋಡಿದವರು ಎರಡೂ ಕಡೆ ಕಡಿಮೆ.

ವಕೀಲ_ಬಸವನಗುಡಿ

ಕ್ಯಾರಿಯ ಅಮ್ಮನವರೇ, ಮೊದಲು ಆ ಫೋಟೋ ತೆಗೆಸಿ. ನಮ್ಮಲ್ಲಿ ಅತ್ಯಾಚಾರದ ಕೇಸಿನ ಸಂತ್ರಸ್ತೆಯ ಗುರುತು ಪ್ರಕಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು. ಅಮೆರಿಕದ ಕಾನೂನು ಬೇರೆ ಇರಬಹುದು, ಆ ಹುಡುಗಿಯ ಮಾನ ಬೇರೆ ಅಲ್ಲವಲ್ಲ.

ಇನ್ನೊಂದು ವಿಷಯ. ಅಲ್ಲಿ ಕಾಲೇಜಿನ ವಿಚಾರಣೆ ಬೇರೆ, ಕೋರ್ಟಿನದ್ದು ಬೇರೆ. ಕೋರ್ಟಿಗೆ ಸಮಂಜಸವಾದ ಸಂಶಯ ಉಳಿಯದಂತೆ ಸಾಕ್ಷಿ ಬೇಕು. ಕಾಲೇಜಿಗೆ ಅಷ್ಟು ಗಟ್ಟಿ ಸಾಕ್ಷಿ ಬೇಕಿಲ್ಲ. ಅದಕ್ಕೇ ಹುಡುಗನನ್ನು ಟೀಮಿನಿಂದ ದೂರ ಇಟ್ಟ ಮಾತ್ರಕ್ಕೆ "ಸಾಬೀತಾಯಿತು" ಅನ್ನಬೇಡಿ, ಕೋರ್ಟಿನಲ್ಲಿ ಬಿಟ್ಟರೆ "ಸುಳ್ಳು ಕೇಸು" ಅಂತಲೂ ಅನ್ನಬೇಡಿ. ಗ್ರ್ಯಾಂಡ್ ಜ್ಯೂರಿ (ಕೇಸು ವಿಚಾರಣೆಗೆ ಹೋಗಬೇಕೇ ಅಂತ ನೋಡುವ ಸಾಮಾನ್ಯ ನಾಗರಿಕರ ಗುಂಪು) ದೋಷಾರೋಪ ಹೊರಿಸಿದರೂ ಅಷ್ಟೇ. ಅಲ್ಲಿ ಪ್ರಾಸಿಕ್ಯೂಟರ್ ಕಡೆಯ ಮಾತು ಮಾತ್ರ ಕೇಳುತ್ತಾರೆ, ಆರೋಪಿಯ ವಕೀಲರಿಗೆ ಜಾಗವೇ ಇಲ್ಲ.

ಕ್ಯಾರಿಯ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋಟೋ ತೆಗೆಸಿದೆ. ಹಾಕಿದವರು ಮೊದಲು ಸಿಟ್ಟಾದರು, "ನಿಮ್ಮ ಮಗಳ ಫೋಟೋ ಆಗಿದ್ದರೆ" ಅಂತ ಒಂದೇ ಸಾಲು ಬರೆದೆ, ತಕ್ಷಣ ಅಳಿಸಿದರು.

ಮಗನಿಗೆ ಡ್ಯೂಕ್, ಸ್ಟ್ಯಾನ್‌ಫರ್ಡ್ ಎರಡೂ ಹೇಳಿದೆ. ಸುಮ್ನೆ ಕೇಳಿಸಿಕೊಂಡ. ಆಮೇಲೆ ದೂರು ಬಂದ ಆ ಆಟಗಾರ ತನ್ನ ಹಾಸ್ಟೆಲಿನ ಮಹಡಿಯಲ್ಲೇ ಇರುವುದು, ಈಗ ಅವನ ಜೊತೆ ಊಟಕ್ಕೆ ಯಾರೂ ಕೂರುತ್ತಿಲ್ಲ ಅಂತ ಹೇಳಿದ. ಆ ಹುಡುಗಿಯೂ ಕ್ಲಾಸಿಗೆ ಬರುತ್ತಿಲ್ಲವಂತೆ. ಅವಳ ಗೆಳತಿಗೆ ಮಗನ ಪರಿಚಯವಿದೆ, ನೋಟ್ಸ್ ಬೇಕಿದ್ದರೆ ಕೊಡುತ್ತೇನೆ ಅಂತ ಅವಳಿಗೆ ಹೇಳಿ ಕಳಿಸಿದ್ದಾನೆ.