ಹಿಂದೆ ಕಯಾಕ್ ಕಟ್ಟಿದರೆ ಹಾಯಿದೋಣಿ ತಿರುಗುವುದೇ ಇಲ್ಲ, ಏನು ಮಾಡಲಿ?

ಜಯನಗರದ ಹಾಯಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಎಂಟರ್‌ಪ್ರೈಸ್ ಅನ್ನುವ ಮಾದರಿಯ ಚಿಕ್ಕ ಹಾಯಿದೋಣಿ, 4.04 ಮೀಟರ್ ಉದ್ದ, ನೀಲಿ ಹಾಯಿ. ಮನೆ ಬೆಂಗಳೂರಿನಲ್ಲಿ, ದೋಣಿ ಇರುವುದು ಕೆಆರ್‌ಎಸ್ ಹಿನ್ನೀರಿನಲ್ಲಿ. ತಿಂಗಳಿಗೆ ಎರಡು ಭಾನುವಾರ ಸಿಕ್ಕಿದರೆ ಅದೇ ಹೆಚ್ಚು. ಮಗಳಿಗೆ 13 ವರ್ಷ, ತಂಗಿಯ ಮಗನಿಗೆ 11. ದೋಣಿಯಲ್ಲಿ ಸುಮ್ನೆ ಕೂತು ಇಬ್ಬರಿಗೂ ಬೇಜಾರು. ಅದಕ್ಕೆ ಹಿಂದೆ ಒಂದು ಪ್ಲಾಸ್ಟಿಕ್ ಕಯಾಕ್ ಕಟ್ಟಿ, ಲೈಫ್ ಜಾಕೆಟ್ ಹಾಕಿಸಿ, ಕೈಗೆ ಹುಟ್ಟು ಕೊಟ್ಟು ಇಬ್ಬರನ್ನೂ ಎಳೆದುಕೊಂಡು ಹೊರಟೆವು. ದೋಣಿಯಲ್ಲಿ ನಾನು ಮತ್ತು ನಮ್ಮ ಭಾವ.

ಗಾಳಿ ಪಕ್ಕದಿಂದ ಬರುವಾಗ ಚೆನ್ನಾಗಿಯೇ ಹೋಯಿತು, ಮಕ್ಕಳು ಕೂಗಿದ್ದೇ ಕೂಗಿದ್ದು. ವಾಪಸ್ ಬರಲು ಟ್ಯಾಕ್ ಮಾಡಿದಾಗ, ಅಂದರೆ ಮೂತಿಯನ್ನು ಗಾಳಿಗೆ ಎದುರಾಗಿ ದಾಟಿಸಿ ಇನ್ನೊಂದು ಕಡೆಗೆ ತಿರುಗಿಸುವಾಗ, ತೊಂದರೆ ಶುರುವಾಯಿತು. ಮೂತಿ ಗಾಳಿಯ ಕಡೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಹಾಯಿ ಪಟಪಟ ಬಡಿಯುತ್ತದೆ, ದೋಣಿ ಹಿಂದಕ್ಕೆ ಜಾರುತ್ತದೆ, ಕಯಾಕ್ ಬಂದು ಹಿಂಬದಿಗೆ ಡಿಕ್ಕಿ. ಒಮ್ಮೆ ಹಗ್ಗ ಚುಕ್ಕಾಣಿಗೆ ಸುತ್ತಿಕೊಂಡು, ಮುಳುಗಿದ ಮರದ ಬುಡಗಳಿರುವ ದಡದ ಕಡೆಗೆ ಹೋಗಿಬಿಟ್ಟೆವು. ನಿಜವಾಗಿ ಭಯ ಆಯಿತು. ಕಯಾಕ್ ಕೂಡ ನೇರ ಬರುವುದಿಲ್ಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡುತ್ತದೆ. ಇದು ಸರಿ ಹೋಗುವಂಥದ್ದಾ, ಅಥವಾ ಬಿಟ್ಟುಬಿಡಲಾ?

ಹಲಸೂರು ಗಾಳಿ:
ಗಾಳಿ ಕಡಿಮೆ ಇತ್ತೇನೋ? ಭಾರ ಜಾಸ್ತಿಯಾದಾಗ ತಿರುಗುವಷ್ಟು ವೇಗವೇ ಸಿಗುವುದಿಲ್ಲ.

ಜಯನಗರದ ಹಾಯಿ:
ಇಲ್ಲ ಸರ್, ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಏಳುತ್ತಿತ್ತು. 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ಹತ್ತಿರ ಇದ್ದಿರಬೇಕು. ಕಯಾಕ್ ಇಲ್ಲದೆ ಅದೇ ಗಾಳಿಯಲ್ಲಿ ಸಲೀಸಾಗಿ ತಿರುಗುತ್ತದೆ.

ಹಗ್ಗದ ಗಂಟು:
ಹಗ್ಗ ದೋಣಿಯಲ್ಲಿ ಎಲ್ಲಿ ಕಟ್ಟಿದ್ದಿರಿ? ಎಷ್ಟು ಉದ್ದ, ಯಾವ ಹಗ್ಗ? ಮತ್ತೆ, ಎಡಕ್ಕೆ ತಿರುಗಿಸುವಾಗ ಸಿಕ್ಕಿಕೊಳ್ಳುವುದೋ ಬಲಕ್ಕೋ? ಈ ಕೊನೆಯದನ್ನು ನೆನಪು ಮಾಡಿಕೊಂಡು ಹೇಳಿ.

ಜಯನಗರದ ಹಾಯಿ:
ಹಿಂಬದಿಯ ಬಲ ಮೂಲೆಯಲ್ಲಿ ಒಂದು ಕಬ್ಬಿಣದ ಬಳೆ ಇದೆ, ಅದಕ್ಕೆ. 6 ಮಿ.ಮೀ. ನೈಲಾನ್, ಸುಮಾರು 4 ಮೀಟರ್. ನೀವು ಕೇಳಿದ ಮೇಲೆ ಭಾವನಿಗೆ ಫೋನ್ ಮಾಡಿದೆ. ಇಬ್ಬರಿಗೂ ನೆನಪಿರುವುದು ಒಂದೇ: ಸಿಕ್ಕಿಕೊಂಡದ್ದೆಲ್ಲಾ ಎಡಕ್ಕೆ ತಿರುಗಿಸುವಾಗ. ಬಲಕ್ಕೆ ಕಷ್ಟಪಟ್ಟಾದರೂ ತಿರುಗಿತ್ತು.

ಹಗ್ಗದ ಗಂಟು:
ಹಾಗಾದರೆ ಗೊತ್ತಾಯಿತು. ನಿಮ್ಮ ದೋಣಿಯಲ್ಲಿ ದೋಷ ಇಲ್ಲ, ಹಗ್ಗ ಕಟ್ಟಿದ ಜಾಗದಲ್ಲಿದೆ.

ಬಲ ಮೂಲೆಯಿಂದ ಹಿಂದಕ್ಕೆ ಎಳೆದರೆ ಮೂತಿ ಬಲಕ್ಕೇ ಹೋಗುತ್ತದೆ. ಎತ್ತಿನ ಗಾಡಿಯ ಬಲಗಡೆ ಗಾಲಿಗೆ ಮಾತ್ರ ಕಲ್ಲು ಕೊಟ್ಟ ಹಾಗೆ. ಬಲಕ್ಕೆ ತಿರುಗುವಾಗ ಅದು ಸಹಾಯ, ಎಡಕ್ಕೆ ತಿರುಗುವಾಗ ಅದೇ ಅಡ್ಡಿ. ಇನ್ನೊಂದು ವಿಷಯ ಇದೆ. ದೋಣಿ ತಿರುಗುವುದು ಸೆಂಟರ್‌ಬೋರ್ಡ್ (ನಡುವೆ ನೀರಿಗೆ ಇಳಿಬಿಡುವ ಹಲಗೆ) ಸುತ್ತ, ಅಂದರೆ ಮೂತಿ ಒಂದು ಕಡೆ ಹೋಗಬೇಕಾದರೆ ಹಿಂಬದಿ ಇನ್ನೊಂದು ಕಡೆ ಸರಿಯಲೇಬೇಕು, ಅದನ್ನೇ ಹಗ್ಗ ಹಿಡಿದುಕೊಂಡರೆ ಚುಕ್ಕಾಣಿ ಎಷ್ಟು ತಳ್ಳಿದರೂ ಅದು ಬ್ರೇಕ್ ಆಗುತ್ತದೆ ಅಷ್ಟೇ. ಹಡಗು ಎಳೆಯುವ ಹಳೆಯ ಮಾದರಿ ಟಗ್‌ಗಳಲ್ಲಿ ಕೊಕ್ಕೆ ಹಿಂಬದಿಯ ಅಂಚಿನಲ್ಲಿ ಇರುವುದಿಲ್ಲ, ನಡುಭಾಗದ ಹತ್ತಿರ ಇರುತ್ತದೆ. ಕಾರಣ ಇದೇ. ನಮ್ಮ ಚಿಕ್ಕ ದೋಣಿಯಲ್ಲಿ ನಡುವೆ ಕಟ್ಟಿದರೆ ಕೂತವರ ಮೈಮೇಲೆ ಹಗ್ಗ ಓಡಾಡುತ್ತದೆ, ಅದು ಬೇಡ.

ಹಾಗಾಗಿ ಹೀಗೆ ಮಾಡಿ. ಹಿಂಬದಿಯ ಎರಡೂ ಮೂಲೆಗೆ ಸೇರಿಸಿ ಒಂದು ಸಡಿಲವಾದ ಹಗ್ಗ, ಅದರ ಮೇಲೆ ಜಾರುವ ಒಂದು ಸ್ಟೀಲ್ ರಿಂಗ್. ಎಳೆಯುವ ಹಗ್ಗ ಆ ರಿಂಗ್‌ಗೆ. ದೋಣಿ ಎಡಕ್ಕೆ ತಿರುಗಿದರೆ ರಿಂಗ್ ತಾನಾಗಿ ಎಡಮೂಲೆಗೆ ಜಾರುತ್ತದೆ, ಬಲಕ್ಕೆ ತಿರುಗಿದರೆ ಬಲಮೂಲೆಗೆ. ಆಗ ಎಡಕ್ಕೆ ತಿರುಗುವಾಗ ಎಳೆತ ಮೊದಲಿನಷ್ಟು ಅಡ್ಡಿಯಾಗುವುದಿಲ್ಲ. ಈ ಅಡ್ಡ ಹಗ್ಗ ಚುಕ್ಕಾಣಿಯಿಂದ ಕನಿಷ್ಠ ಒಂದು ಅಡಿಯಾದರೂ ಹಿಂದೆ ಚಾಚುವಷ್ಟು ಉದ್ದ ಇರಲಿ, ಇಲ್ಲದಿದ್ದರೆ ಚುಕ್ಕಾಣಿಯ ತಲೆಗೆ ಉಜ್ಜುತ್ತದೆ. ರಿಂಗ್ ಪಕ್ಕ ಎಳೆಯುವ ಹಗ್ಗಕ್ಕೆ ಅರ್ಧ ಲೀಟರಿನ ಖಾಲಿ ನೀರಿನ ಬಾಟಲಿ ಕಟ್ಟಿ, ಸಡಿಲ ಆದಾಗ ಕೆಳಗೆ ಮುಳುಗಬಾರದು.

ಅಡ್ಡ ಹಗ್ಗದ ಎಡತುದಿಗೆ ಬೋಲೈನ್ (ಎಳೆದರೂ ಬಿಗಿಯಾಗದ ಕುಣಿಕೆ ಗಂಟು) ಹಾಕಿ. ಬಲತುದಿ ಮಾತ್ರ ಬಳೆಯ ಮೂಲಕ ಒಳಗೆ ತಂದು, ಭಾವನ ಕೈಗೆ ಸಿಗುವ ಕ್ಲೀಟ್‌ಗೆ (ಹಗ್ಗ ಸುತ್ತುವ ಕೊಂಬು) ಸುತ್ತಿ, ಎಳೆದರೆ ಬಿಚ್ಚುವ ಜೀರುಗಂಟು ಹಾಕಿ. ಆ ತುದಿಗೆ ಬೇರೆ ಗಂಟು ಇರಲೇಬಾರದು. ಬಿಚ್ಚಿದ ತಕ್ಷಣ ಹಗ್ಗ ಬಳೆಯಿಂದ ಸರ್ರನೆ ಜಾರಿ, ರಿಂಗ್ ಕಳಚಿ, ಕಯಾಕ್ ಬೇರೆಯಾಗಬೇಕು. ನೀವು ನೇರವಾಗಿ ಬಳೆಗೆ ಗಂಟು ಹಾಕಿದ್ದಿರಿ, ಬಿಗಿ ಇರುವಾಗ ಅದು ಬಿಚ್ಚುವುದಿಲ್ಲ. ಮಕ್ಕಳಿರುವಾಗ ಅದು ಸರಿಯಲ್ಲ. ಒಂದು ಚಾಕು ಲೈಫ್ ಜಾಕೆಟ್‌ಗೇ ಕಟ್ಟಿಕೊಂಡಿರಿ. ಹಗ್ಗ ಯಾರ ಕೈಗೂ ಸುತ್ತಬಾರದು, ಮಕ್ಕಳ ಮೈಗಂತೂ ಕಟ್ಟಲೇಬಾರದು.

ನೈಲಾನ್ ಒಳ್ಳೆಯ ಹಗ್ಗವೇ, ಹಿಗ್ಗಿ ಜಗ್ಗಾಟ ತಡೆಯುತ್ತದೆ. ಆದರೆ ನೀರಿಗಿಂತ ಭಾರ, ಮುಳುಗಿ ಚುಕ್ಕಾಣಿಗೆ ಸುತ್ತುತ್ತದೆ. ಪಾಲಿಪ್ರೊಪಿಲೀನ್ ತೇಲುತ್ತದೆ. ಎಸ್‌ಜೆಪಿ ರೋಡಿನ ಹಗ್ಗದ ಅಂಗಡಿಗಳಲ್ಲಿ ಕೇಳಿ, ಒಂದು ತುಂಡು ಬಕೆಟ್ ನೀರಿನಲ್ಲಿ ಹಾಕಿ ನೋಡಿದರೆ ಅನುಮಾನವೇ ಇರುವುದಿಲ್ಲ. 8 ಮಿ.ಮೀ., 12 ಮೀಟರ್, ಅಂದರೆ ಮೂರು ದೋಣಿಯಷ್ಟು ಉದ್ದ. 4 ಮೀಟರ್ ತೀರಾ ಗಿಡ್ಡ. ನೀವು ತಿರುಗಿಸಲು ನಿಧಾನ ಆದಾಗ ಕಯಾಕ್ ಓಟದಲ್ಲೇ ಮುಂದೆ ಬರುತ್ತದೆ, ಹಗ್ಗ ಸಡಿಲ ಆಗುತ್ತದೆ, ಆಮೇಲೆ ದೋಣಿಗೆ ವೇಗವೇ ಇಲ್ಲದ ಹೊತ್ತಿನಲ್ಲಿ ಜಗ್ಗಿ ಎಳೆಯುತ್ತದೆ.

ಕಯಾಕ್ ಓಲಾಡಲು ಮಕ್ಕಳಿಬ್ಬರೂ ಮುಂದೆ ಕೂತದ್ದು ಕಾರಣ ಇರಬಹುದು, ಅಲ್ವಾ? ಮೂತಿ ನೀರಿಗೆ ಒತ್ತಿದರೆ ಹಿಂಭಾಗ ಅಲೆಯುತ್ತದೆ. ಹಿಂದೆ ಕೂರಿಸಿ. ಸಾಲದಿದ್ದರೆ ಕಯಾಕ್ ಹಿಂದೆ 3 ಮೀಟರ್ ದಪ್ಪ ಹಗ್ಗ ಸುಮ್ನೆ ನೀರಿನಲ್ಲಿ ಬಿಡಿ, ಗಾಳಿಪಟದ ಬಾಲಂಗೋಚಿ ಮಾಡುವ ಕೆಲಸ ಅದು ಮಾಡುತ್ತದೆ.

ಹಲಸೂರು ಗಾಳಿ:
ಒಪ್ಪಿದೆ, ನನ್ನ ಊಹೆ ತಪ್ಪು. ಒಂದು ಮಾತು ಸೇರಿಸುತ್ತೇನೆ. ವೇಗ ತಗ್ಗಿದಾಗ ದೋಣಿಗೆ ತಗಲುವ ಗಾಳಿ ಸ್ವಲ್ಪ ಹಿಂದಿನಿಂದ ಬಂದ ಹಾಗೆ ಆಗುತ್ತದೆ. ಮಾಮೂಲಿ ಬಿಗಿಯಲ್ಲೇ ಹಾಯಿ ಹಿಡಿದಿದ್ದರೆ ದೋಣಿ ವಾಲುವುದು ಜಾಸ್ತಿ, ಓಡುವುದು ಕಡಿಮೆ, ಪಕ್ಕಕ್ಕೆ ಜಾರುವುದೂ ಜಾಸ್ತಿ. ಸ್ವಲ್ಪ ಸಡಿಲ ಬಿಡಿ. ಟ್ಯಾಕ್ ಮಾಡುವ ಮೊದಲು ಗಾಳಿಯಿಂದ ಸ್ವಲ್ಪ ದೂರ ತಿರುಗಿ ವೇಗ ಮಾಡಿಕೊಳ್ಳಿ. ಮೂತಿ ಗಾಳಿ ದಾಟುವವರೆಗೆ ಜಿಬ್ (ಮುಂದಿನ ಚಿಕ್ಕ ಹಾಯಿ) ಹಳೆಯ ಕಡೆಯಲ್ಲೇ ಹಿಡಿದಿರಿ, ಗಾಳಿಯೇ ಮೂತಿಯನ್ನು ತಳ್ಳುತ್ತದೆ.

ಕಾವೇರಿ ದಡ:
ನಾವು ಹೀಗೇ ಹರಿಗೋಲು ಎಳೆದು ನೋಡಿದ್ದೇವೆ. ಗುಂಡಗಿರುವುದರಿಂದ ಗಿರಗಿರ ತಿರುಗುತ್ತಲೇ ಇತ್ತು. ಹಗ್ಗ ಕಟ್ಟಿದ ಅಂಚಿಗೆ ಸರಿಯಾಗಿ ಎದುರು ಅಂಚಿನಲ್ಲಿ ಒಬ್ಬರು ಕೂತು, ಹುಟ್ಟನ್ನು ನೀರಿನಲ್ಲಿ ಹಿಡಿದ ಮೇಲೆ ನಿಂತಿತು. ಭಾರ ಹಿಂದೆ ಇರಬೇಕು ಅನ್ನುವ ಮಾತು ಪೂರ್ತಿ ನಿಜ.

ಜಯನಗರದ ಹಾಯಿ:
ಹೋಗಿ ಬಂದೆವು. ಹೇಳಿದ ಹಾಗೇ ಮಾಡಿದೆ. ಮೊದಲು ಮಕ್ಕಳಿಲ್ಲದೆ, ಎರಡು ಕ್ಯಾನ್ ನೀರು ಇಟ್ಟು ಎಳೆದೆವು. ಬೇಕೆಂದೇ ನಾಲ್ಕು ಸಲ ಜೀರುಗಂಟು ಎಳೆಸಿದೆ. ಮೂರನೆಯ ಸಲ ರಿಂಗ್ ಕಳಚಲಿಲ್ಲ. ನೋಡಿದರೆ ತುದಿ ಬಿಚ್ಚಿ ಹೋಗದಿರಲಿ ಅಂತ ಅಂಗಡಿಯವರು ಸುತ್ತಿದ್ದ ಟೇಪ್ ಬಳೆಯಲ್ಲಿ ಸಿಕ್ಕಿಕೊಂಡಿತ್ತು. ಟೇಪ್ ಕಿತ್ತು, ತುದಿಯನ್ನು ಮೇಣದಬತ್ತಿಯಲ್ಲಿ ಕರಗಿಸಿ ನುಣುಪು ಮಾಡಿದ ಮೇಲೆ ಸರಿಹೋಯಿತು. ಯಾರಾದರೂ ಮಾಡುವುದಿದ್ದರೆ ಇದನ್ನು ಮೊದಲೇ ನೋಡಿಕೊಳ್ಳಿ.

ಆಮೇಲೆ ಮಕ್ಕಳನ್ನು ಕೂರಿಸಿಕೊಂಡು ಆರು ಸಲ ಟ್ಯಾಕ್. ಐದು ಸಲ ತಿರುಗಿತು, ಅದರಲ್ಲಿ ಮೂರು ಎಡಕ್ಕೆ. ಒಮ್ಮೆ ನಿಂತಾಗ ಭಾವ ಹಗ್ಗ ಬಿಟ್ಟರು, ಮಗಳು ಹುಟ್ಟು ಹಾಕಿಕೊಂಡು ಆರಾಮಾಗಿ ನಮ್ಮ ಹತ್ತಿರ ಬಂದಳು. ಓಲಾಟ ಪೂರ್ತಿ ಹೋಗಿಲ್ಲ, ಗಾಳಿ ಬೀಸು ಬಂದಾಗ ಸ್ವಲ್ಪ ಇದೆ. ನಿಮಗೆಲ್ಲಾ ತುಂಬಾ ಥ್ಯಾಂಕ್ಸ್. ಹುಡುಗ ಈಗ ಗಾಳಿ ತುಂಬಿದ ಟ್ಯೂಬ್ ಕಟ್ಟೋಣ ಅನ್ನುತ್ತಿದ್ದಾನೆ. ಆಗುತ್ತದಾ?

ಹಗ್ಗದ ಗಂಟು:
ಟೇಪ್ ವಿಷಯ ನನಗೂ ಹೊಳೆದಿರಲಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಟ್ಯೂಬ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ನೀರಿನ ಮೇಲೆ ಹಾರುವ ಮಜಾ ಮೋಟಾರ್ ದೋಣಿಯ ವೇಗದಲ್ಲಿ ಮಾತ್ರ. ನಿಮ್ಮ ದೋಣಿಯ ಉದ್ದಕ್ಕೆ ಗಂಟೆಗೆ 9 ಕಿ.ಮೀ. ದಾಟುವುದೇ ಕಷ್ಟ, ಭಾರ ಕಟ್ಟಿದರೆ ಇನ್ನೂ ಕಡಿಮೆ. ಆ ವೇಗದಲ್ಲಿ ಟ್ಯೂಬ್ ನೀರನ್ನು ತಳ್ಳಿಕೊಂಡು ಬರುತ್ತದೆ. ಅದರಲ್ಲಿ ಕೂತವರಿಗೆ ಹುಟ್ಟು ಹಾಕಲೂ ಆಗುವುದಿಲ್ಲ, ಹಗ್ಗ ಬಿಟ್ಟರೆ ಗಾಳಿ ಹೋದ ಕಡೆ ಹೋಗುತ್ತಾರೆ. ಹುಡುಗನಿಗೆ ಇನ್ನೊಂದು ಕಯಾಕ್ ಬಾಡಿಗೆಗೆ ತಂದುಕೊಡಿ, ಆದರೆ ಒಂದು ಸಲಕ್ಕೆ ಒಂದನ್ನೇ ಎಳೆಯಿರಿ.