ಮನೇಲಿ ಕಟ್ಟೋ ಸಬ್‌ಮರೀನ್: ಮೋಟರಿಗೆ ಎಣ್ಣೆನಾ ಗಾಳಿನಾ?

ಮಿಷಿಗನ್ ಕನ್ನಡಿಗ: ಗೆಳೆಯನ ಜೊತೆ ಕೆ-250 ಅನ್ನೋ ಪುಟ್ಟ ಸಬ್‌ಮರೀನ್ ನಮೂನೆದು ಕಟ್ತಿದೀನಿ, 60 ಮೀಟರ್ ಇಳಿಯೋ ಆಸೆ. ಹೊರಗಿರೋ ಟ್ರೋಲಿಂಗ್ ಮೋಟರ್ (ಸಣ್ಣ ದೋಣಿಯ ಕರೆಂಟ್ ಮೋಟರ್), ಬ್ಯಾಟರಿ ಇಡೋ ಪಾಡ್ ಎರಡಕ್ಕೂ ಕಾಂಪೆನ್ಸೇಷನ್, ಅಂದ್ರೆ ಎಣ್ಣೆನೋ ಗಾಳಿನೋ ತುಂಬಿ ಒಳಗಿನ ಒತ್ತಡ ಹೊರಗಿನ ನೀರಿನ ಒತ್ತಡಕ್ಕೆ ಸಮ ಮಾಡೋದು, ಹೆಂಗ್ ಮಾಡಿದ್ರಿ? ಅನುಭವ ಇದ್ದೋರು ಹೇಳಿ.

ಟೊರೊಂಟೊ ಫಿಟ್ಟರ್: ಎಣ್ಣೆ ಮಾತ್ರ ಬೇಡ ಗುರು. ಲೋಡ್ ಇಲ್ದೆ 4 ಆಂಪ್ ಎಳೀತಿದ್ದ ಮೋಟರು ಮಿನರಲ್ ಆಯಿಲ್ ತುಂಬಿದ್ಮೇಲೆ 11 ಎಳೀತು, ಹನ್ನೆರಡು ಗಂಟೆ ಓಡ್ಸಿ ಬಿಚ್ಚಿದ್ರೆ ಎಣ್ಣೆ ಕಾಡಿಗೆ ಥರ, ತಿರುಗೋ ಕಮ್ಯುಟೇಟರಿಗೆ ಕರೆಂಟ್ ಕೊಡೋ ಇಂಗಾಲದ ಬ್ರಷ್ ಸವೆದ ಪುಡಿಯೆಲ್ಲ ಅದರ ಸಂದೀಲಿ ಮೆತ್ಕೊಂಡಿತ್ತು. ಎರಡು ಆರ್ಮೇಚರ್, 340 ಡಾಲರ್, ಇಡೀ ಬೇಸಿಗೆ ಹೋಯ್ತು. ಈಗ ಆಳಕ್ಕೆ ತಕ್ಕ ಒತ್ತಡದಲ್ಲಿ ಗಾಳಿ ಬಿಡೋ ಸ್ಕೂಬಾ ರೆಗ್ಯುಲೇಟರಿಂದ ಗಾಳಿ ಕೊಡ್ತೀನಿ, ಒಂದು ಹನಿ ನೀರು ಬಂದಿಲ್ಲ.

ಹ್ಯೂಸ್ಟನ್ ವೆಲ್ಡರ್: ಗಾಳಿ ಇಳಿಯೋವಾಗ ಸರಿ, ಮೇಲೆ ಬರೋವಾಗ? 60 ಮೀಟರಲ್ಲಿ 7 ಬಾರ್ ಇದ್ದದ್ದು ಮೇಲೆ ಬರ್ತಾ 7 ಪಟ್ಟು ಹಿಗ್ಗುತ್ತೆ. ಹೆಚ್ಚಾದ ಗಾಳಿ ಹೊರಗೆ ಬಿಡೋ ನನ್ನ ರಿಲೀಫ್ ವಾಲ್ವಿಗೆ ಒಂದು ಮರಳಿನ ಕಾಳು ಸಿಕ್ಕೊಂಡು ಶಾಫ್ಟ್ ಸೀಲೇ ಕಿತ್ಕೊಂಡು ಬಂತು, ಆ ಸದ್ದು ಈಗ್ಲೂ ಕಿವೀಲಿದೆ. ಎಣ್ಣೆಗೆ ಬ್ಲಾಡರ್ (ಹಿಗ್ಗಿ ಕುಗ್ಗೋ ಚೀಲ) ಸರಿಯಾಗಿರ್ಬೇಕು ಅಷ್ಟೆ, 2 ಲೀಟರ್ ಎಣ್ಣೆ 40 ಡಿಗ್ರಿ ಬಿಸಿಯಾದ್ರೆ 55 ಎಂಎಲ್ ಉಬ್ಬುತ್ತೆ, ಅದಕ್ಕೆ ಜಾಗ ಬಿಟ್ಟಿದ್ರಾ ನೀವು? ಬ್ಯಾಟರಿ ಪಾಡಲ್ಲಿ ಮಾತ್ರ ನಾನೂ ಏಟು ತಿಂದೆ. ಎಣ್ಣೆ ಆಸಿಡ್ ಮೇಲೆ ತೇಲುತ್ತೆ ಅಂತ ಲೆಡ್ ಆಸಿಡ್ ಸೆಲ್ ಮುಳುಗೋಷ್ಟು ತುಂಬಿದ್ದೆ, ಟ್ರೇಲರ್ ಇಳಿಜಾರಲ್ಲಿ ವಾಲ್ತು, ಎಣ್ಣೆ ಪ್ಲೇಟಿಗಿಳೀತು, ಆಸಿಡ್ ಪಾಡ್ ತಳಕ್ಕೆ. 6 ಬ್ಯಾಟರಿ, 1,380 ಡಾಲರ್.

ಟೊರೊಂಟೊ ಫಿಟ್ಟರ್: ಬ್ಲಾಡರ್ ನನಗೆ ಹೇಳ್ಕೊಡ್ಬೇಡಿ. ಎಣ್ಣೇಲಿ ಮುಳುಗಿಸಿದ ಲೆಡ್ ಆಸಿಡ್ ಮೇಲೇ ಅಮೆರಿಕದ ಆಳಸಮುದ್ರ ಸಂಶೋಧನೆ ಸಬ್‌ಮರೀನ್ ಆಲ್ವಿನ್ ವರ್ಷಗಟ್ಟಲೆ ಓಡಿದೆ, ವಾಲದ ಹಾಗೆ ಕಟ್ಕೊಳ್ದೇ ಇದ್ದಿದ್ದು ನೀವು.

ಕೋಲಾರ ವೈಂಡಿಂಗ್: ನಾನು ಸಬ್‌ಮರೀನ್ ಕಟ್ಟಿಲ್ಲ, 22 ವರ್ಷದಿಂದ ಬೋರ್ ಮೋಟರ್ ಸುತ್ತೋದು. ನಮ್ಮದ್ರಲ್ಲಿ ಬ್ರಷ್ಷೇ ಇಲ್ಲ, ಒಳಗೆ ನೀರೇ ತುಂಬ್ತೀವಿ, ತಳದಲ್ಲಿ ಅಂಗೈಯಗಲ ರಬ್ಬರ್ ಡಯಾಫ್ರಮ್, ಒಳಗೂ ಹೊರಗೂ ಒಂದೇ ಒತ್ತಡ. ಬ್ರಷ್ ಮೋಟರ್ ಇಟ್ಕೊಂಡು ಯಾಕಣ್ಣ ಜಗಳ?

ಹ್ಯೂಸ್ಟನ್ ವೆಲ್ಡರ್: ಬ್ರಷ್‌ಲೆಸ್ ಹಾಕಿದ್ರೆ ಅದನ್ನ ಓಡ್ಸೋ ಎಲೆಕ್ಟ್ರಾನಿಕ್ ಕಂಟ್ರೋಲರ್ ಎಲ್ಲಿಡ್ತೀರಿ? ಎಣ್ಣೇಲಿಟ್ರೆ ಡಬ್ಬಿ ಕೆಪಾಸಿಟರ್ ಒತ್ತಡಕ್ಕೆ ಅಪ್ಪಚ್ಚಿ. ಆಮೇಲೆ ಸಾವಿರಡಿ ಬೋರಲ್ಲಿ ಮೋಟರ್ ಮೇಲೆ ನೀರೆಷ್ಟು ನಿಂತಿರುತ್ತೆ, 50 ಅಡಿ? ಅದನ್ನ ಸಬ್‌ಮರೀನಿಗೆ ಹೋಲಿಸ್ಬೇಡಿ.

ಕೋಲಾರ ವೈಂಡಿಂಗ್: 2021ರ ಮಳೆಗೆ ನಮ್ಮೂರ ಬೋರಲ್ಲಿ 60 ಅಡಿಗೇ ನೀರು ಸಿಕ್ತಿತ್ತು ಸ್ವಾಮಿ, ಮೋಟರ್ ಸಾವಿರಡಿ ಕೆಳಗಿತ್ತು. ಲೆಕ್ಕ ಹಾಕಿ, 28 ಬಾರ್. ಮುಂದಿನ ವರ್ಷ ಎತ್ತಿ ಬಿಚ್ಚಿದಾಗ ನಾನು ತುಂಬಿದ್ದ ನೀರು ಹಂಗೇ ತಿಳಿಯಾಗಿತ್ತು, ಡಯಾಫ್ರಮ್ಮಲ್ಲಿ ಒಂದು ಬಿರುಕಿರ್ಲಿಲ್ಲ.